ಲಿವರ್ ಕ್ಯಾನ್ಸರ್ ತಡೆಗೆ ಆಸ್ಪಿರಿನ್: ಬೇಕಾದವರಿಗೇ ಕೊಡಲಾಗದ ಮಾತ್ರೆ

ಆಟಿ ಅಮಾವಾಸ್ಯೆಯ ಮರುದಿನ ಸಂತೆಕಟ್ಟೆಯಿಂದ ಸೋದರಮಾವನ ಫೋನ್. ಹಂಚಿನ ಮೇಲೆ ಮಳೆ ಹೊಯ್ಯುವ ಸದ್ದಿಗೆ ಅರ್ಧ ಮಾತು ಕೇಳಲಿಲ್ಲ. ಕೇಳಿದ್ದು ಇಷ್ಟು: "ಸ್ಕ್ಯಾನಿಂಗ್‌ನಲ್ಲಿ ಗ್ರೇಡ್ ಒನ್ ಫ್ಯಾಟಿ ಲಿವರ್ ಅಂತ ಬಂದದ್ದು ನಿಂಗೆ ಗೊತ್ತುಂಟಲ್ಲ? ಇಕೋಸ್ಪ್ರಿನ್ ತಕೊಂಡ್ರೆ ಲಿವರ್ ಕ್ಯಾನ್ಸರ್ ಅರ್ಧಕ್ಕರ್ಧ ಕಡಿಮೆ ಆಗ್ತದಂತೆ. ಮೆಡಿಕಲ್‌ನಲ್ಲಿ ಕೇಳಿದೆ, ಚೀಟಿ ಇಲ್ಲದೆಯೇ ಒಂದು ಸ್ಟ್ರಿಪ್ ಕೊಟ್ಟ. ಅಮಾವಾಸ್ಯೆಯ ಹಾಲೆ ಕಷಾಯ ನಿನ್ನೆ ಕುಡಿದಾಯ್ತು. ಇದನ್ನೂ ಶುರು ಮಾಡ್ಲಾ?"

ಆರೋಗ್ಯದ ಸುದ್ದಿ ಬರೆಯುವವನೊಬ್ಬ ಮನೆಯಲ್ಲಿದ್ದರೆ ಡಾಕ್ಟರ ಫೀಸು ಉಳಿಯಿತು ಎಂಬ ನಂಬಿಕೆ ನಮ್ಮ ಕುಟುಂಬದಲ್ಲಿದೆ. ಇಕೋಸ್ಪ್ರಿನ್ ಎಂದರೆ ಆಸ್ಪಿರಿನ್ನೇ. ಅವರಿಗೆ ಬಂದ ಸುದ್ದಿ ಸುಳ್ಳಾಗಿದ್ದರೆ ಎರಡು ಮಾತಿನಲ್ಲಿ ಮುಗಿಸಬಹುದಿತ್ತು. ಸುಳ್ಳಲ್ಲ, ಕಷ್ಟ ಅಲ್ಲೇ ಇರುವುದು. "ಮಾವ, ಎರಡು ದಿನ ಬಿಡಿ, ಹೇಳ್ತೇನೆ" ಎಂದು ಫೋನ್ ಇಟ್ಟೆ. ಆ ಎರಡು ದಿನ ಬಿಡಿಸಿದ ಲೆಕ್ಕ ಇದು.

ಮೊದಲು, ಸುದ್ದಿ ಹುಟ್ಟಿದ್ದು ಎಲ್ಲಿ ಎಂಬುದು. 2020ರ ಮಾರ್ಚ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಸ್ವೀಡನ್ನಿನ ಒಂದು ಅಧ್ಯಯನ ಬಂತು. ಅಲ್ಲಿ ಪ್ರತಿಯೊಬ್ಬನ ಕಾಯಿಲೆ, ಔಷಧಿ, ಸಾವು ಎಲ್ಲವೂ ಸರ್ಕಾರಿ ದಾಖಲೆಯಲ್ಲಿ ಇರುತ್ತದೆ. ಹೆಪಟೈಟಿಸ್ ಬಿ ಅಥವಾ ಸಿ ವೈರಸ್ ದೀರ್ಘಕಾಲದಿಂದ ಇರುವ 50,275 ಮಂದಿಯ ದಾಖಲೆ ತೆಗೆದು ನೋಡಿದರು. ಅವರಲ್ಲಿ 14,205 ಮಂದಿ ಕಡಿಮೆ ಪ್ರಮಾಣದ ಆಸ್ಪಿರಿನ್ ಶುರು ಮಾಡಿದವರು. ಹತ್ತು ವರ್ಷಗಳಲ್ಲಿ ಆಸ್ಪಿರಿನ್ ಇಲ್ಲದವರಲ್ಲಿ ನೂರಕ್ಕೆ 8.3 ಮಂದಿಗೆ ಲಿವರ್ ಕ್ಯಾನ್ಸರ್ ಬಂದರೆ, ಆಸ್ಪಿರಿನ್ ತೆಗೆದುಕೊಂಡವರಲ್ಲಿ ನೂರಕ್ಕೆ 4 ಮಂದಿಗೆ. ಐದು ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಂಡವರಲ್ಲಿ, ಕೆಲವೇ ತಿಂಗಳು ತೆಗೆದುಕೊಂಡು ಬಿಟ್ಟವರಿಗಿಂತ ಅಪಾಯ 43% ಕಡಿಮೆ. ಅದಕ್ಕೂ ಒಂದು ವರ್ಷ ಹಿಂದೆ ತೈವಾನ್‌ನಲ್ಲಿ ಹೆಪಟೈಟಿಸ್ ಬಿ ಇದ್ದವರ ಮೇಲೆ ನಡೆಸಿದ ಅಧ್ಯಯನವೂ ಇದೇ ದಿಕ್ಕಿನಲ್ಲಿತ್ತು: ಐದು ವರ್ಷಕ್ಕೆ 5.59% ಇದ್ದದ್ದು ಆಸ್ಪಿರಿನ್ ಗುಂಪಿನಲ್ಲಿ 2.86%. 2018ರಲ್ಲಿ ಅಮೆರಿಕದ ನರ್ಸ್‌ಗಳು ಮತ್ತು ವೈದ್ಯ ವೃತ್ತಿಯ ಗಂಡಸರು ಸೇರಿ 1,33,371 ಮಂದಿಯನ್ನು ದಶಕಗಟ್ಟಲೆ ಹಿಂಬಾಲಿಸಿದ ಅಧ್ಯಯನದಲ್ಲಿ, ವಾರಕ್ಕೆ ಕನಿಷ್ಠ ಎರಡು ಪೂರ್ಣ ಆಸ್ಪಿರಿನ್ ಮಾತ್ರೆ ನುಂಗುವವರಿಗೆ ಅಪಾಯ 49% ಕಡಿಮೆ ಎಂದು ಬಂತು. ಮಾವನ ಅರ್ಧಕ್ಕರ್ಧ ಬಂದದ್ದು ಇಂಥ ಕಡೆಯಿಂದಲೇ.

ಹೀಗಾಗಲು ಕಾರಣವೂ ಇದೆ. ಲಿವರ್ ಕ್ಯಾನ್ಸರ್ ಆರೋಗ್ಯವಂತ ಲಿವರಿನಲ್ಲಿ ಹುಟ್ಟುವುದು ಅಪರೂಪ. ವೈರಸ್ಸೋ, ಹೆಂಡವೋ, ಕೊಬ್ಬೋ ದಿನಾ ಒಂದಿಷ್ಟು ಕೋಶಗಳನ್ನು ಕೊಲ್ಲುತ್ತಿರುತ್ತದೆ. ದೇಹ ಆ ಜಾಗವನ್ನು ಮುಚ್ಚುತ್ತಿರುತ್ತದೆ. ಮುರಕಲ್ಲಿನ ಗೋಡೆಗೆ ಪ್ರತಿ ಮಳೆಗಾಲ ಕಳೆದ ಮೇಲೆ ಸಿಮೆಂಟಿನ ತೇಪೆ ಹಾಕುತ್ತಾ ಬಂದರೆ ಇಪ್ಪತ್ತು ವರ್ಷಕ್ಕೆ ಗೋಡೆಯಲ್ಲಿ ಕಲ್ಲಿಗಿಂತ ತೇಪೆಯೇ ಹೆಚ್ಚಾಗುತ್ತದಲ್ಲ, ಹಾಗೆ. ಆ ತೇಪೆ ತುಂಬಿದ ಸ್ಥಿತಿಗೆ ಸಿರೋಸಿಸ್ ಎನ್ನುತ್ತಾರೆ. ಲಿವರ್ ಕ್ಯಾನ್ಸರ್ ಬಂದ ಹತ್ತರಲ್ಲಿ ಎಂಟೊಂಬತ್ತು ಮಂದಿಗೆ ಅದಕ್ಕೆ ಮೊದಲೇ ಸಿರೋಸಿಸ್ ಇರುತ್ತದೆ. ಸಾಯುವುದು, ಹುಟ್ಟುವುದು ಇಷ್ಟು ಜೋರಾಗಿ ನಡೆಯುವ ಕಡೆ ಕೋಶಗಳ ನಕಲು ತಪ್ಪುವುದೂ ಹೆಚ್ಚು. ಇದರ ನಡುವೆ ಸದಾ ಹೊಗೆಯಾಡುವುದು ಉರಿಯೂತ. ಉರಿಯೂತಕ್ಕೂ ಕ್ಯಾನ್ಸರಿಗೂ ನಂಟು ಇದೆ ಎಂದು ಜರ್ಮನಿಯ ರುಡಾಲ್ಫ್ ವಿರ್ಶೋ 1863ರಲ್ಲೇ ಹೇಳಿದ್ದ. ಹಾಗಾದರೆ ಉರಿ ಆರಿಸುವ ಮಾತ್ರೆಯಿಂದ ಕ್ಯಾನ್ಸರನ್ನೂ ತಡೆಯಬಹುದಲ್ಲ ಎಂಬುದು ಸಹಜ ಪ್ರಶ್ನೆ.

ಆದರೆ ಅಮೆರಿಕದ ಆ ಅಧ್ಯಯನದಲ್ಲೇ ಇನ್ನೊಂದು ಸಾಲು ಇತ್ತು, ಅದು ಯಾರ ಮೊಬೈಲಿಗೂ ಬರಲಿಲ್ಲ. ಐಬುಪ್ರೊಫೆನ್‌ನಂಥ ಬೇರೆ ನೋವಿನ ಮಾತ್ರೆಗಳಿಂದ ಲಿವರ್ ಕ್ಯಾನ್ಸರ್ ಅಪಾಯ ಕಡಿಮೆಯಾಗಲಿಲ್ಲ. 2012ರಲ್ಲಿ ಮೂರು ಲಕ್ಷ ಅಮೆರಿಕನ್ನರ ಮೇಲೆ ಮಾಡಿದ ಅಧ್ಯಯನದಲ್ಲೂ ಹಾಗೇ, ಕ್ಯಾನ್ಸರ್ ಕಡಿಮೆಯಾದದ್ದು ಆಸ್ಪಿರಿನ್‌ನವರಿಗೆ ಮಾತ್ರ. ಎಲ್ಲವೂ ಉರಿಯೂತ ತಗ್ಗಿಸುವ ಮಾತ್ರೆಗಳೇ, ಮತ್ತೇಕೆ ಈ ಭೇದ?

ಉತ್ತರ ಬಹುಶಃ ಪ್ಲೇಟ್‌ಲೆಟ್‌ನಲ್ಲಿದೆ. ಡೆಂಗ್ಯೂ ಬಂದು ಬಂದು ಮಂಗಳೂರಿನ ಮಕ್ಕಳಿಗೂ ಪ್ಲೇಟ್‌ಲೆಟ್ ಎಂದರೆ ಗೊತ್ತು. ರಕ್ತ ಹೆಪ್ಪುಗಟ್ಟಿಸುವುದು ಅದರ ಒಂದು ಕೆಲಸವಷ್ಟೇ. ವೈರಸ್ ಇರುವ ಲಿವರಿಗೆ ಕೊಲ್ಲುವ ಬಿಳಿ ರಕ್ತಕಣಗಳನ್ನು ಕರೆತಂದು ಕೂರಿಸುವುದರಲ್ಲೂ ಅದಕ್ಕೆ ಕೈವಾಡ ಉಂಟು. ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ತಯಾರಾಗುವುದನ್ನು ಆಸ್ಪಿರಿನ್ ತಡೆಯುತ್ತದೆ ಎಂದು ಬ್ರಿಟನ್ನಿನ ಜಾನ್ ವೇನ್ 1971ರಲ್ಲಿ ತೋರಿಸಿದರು, ಅದಕ್ಕೇ 1982ರ ನೊಬೆಲ್ ಬಂತು. ಆ ರಾಸಾಯನಿಕವನ್ನು ತಯಾರಿಸುವ ಕಿಣ್ವವನ್ನು ಆಸ್ಪಿರಿನ್ ಶಾಶ್ವತವಾಗಿ ಕೆಡಿಸುತ್ತದೆ. ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವಿಲ್ಲ, ಹೊಸ ಕಿಣ್ವ ಮಾಡಿಕೊಳ್ಳಲು ಬಾರದು. ಹಾಗಾಗಿ ಒಮ್ಮೆ ಕೆಟ್ಟರೆ ಅದರ ಆಯುಷ್ಯವಿರುವ ಏಳರಿಂದ ಹತ್ತು ದಿನವೂ ಕೆಟ್ಟಂತೆಯೇ. 75 ಮಿಲಿಗ್ರಾಂನ ಸಣ್ಣ ಮಾತ್ರೆ ಇಷ್ಟು ದೊಡ್ಡ ಕೆಲಸ ಮಾಡುವ ಗುಟ್ಟು ಇದೇ. ಐಬುಪ್ರೊಫೆನ್ ಆ ಜಾಗದಲ್ಲಿ ಕೆಲವು ಗಂಟೆ ಕೂತು ಎದ್ದು ಹೋಗುತ್ತದೆ. ಅಷ್ಟೇ ಅಲ್ಲ, ಮೊದಲೇ ಹೋಗಿ ಕೂತರೆ ಆಸ್ಪಿರಿನ್‌ಗೆ ಜಾಗ ಬಿಡುವುದೂ ಇಲ್ಲ. 2012ರಲ್ಲಿ ಇಟಲಿಯ ಮಿಲಾನಿನ ವಿಜ್ಞಾನಿಗಳು ಹೆಪಟೈಟಿಸ್ ಬಿ ಮಾದರಿಯ ಇಲಿಗಳಿಗೆ ಆಸ್ಪಿರಿನ್ ಮತ್ತು ಪ್ಲೇಟ್‌ಲೆಟ್ ತಡೆಯುವ ಇನ್ನೊಂದು ಔಷಧಿ ಕ್ಲೊಪಿಡೊಗ್ರೆಲ್ ಕೊಟ್ಟು ನೋಡಿದಾಗ ಕ್ಯಾನ್ಸರ್ ಕಡಿಮೆಯಾಯಿತು, ಇಲಿಗಳು ಹೆಚ್ಚು ಕಾಲ ಬದುಕಿದವು.

ಹಾಗಾಗಿ 'ಉರಿಯೂತದ ಮಾತ್ರೆಯಿಂದ ಲಿವರ್ ಕ್ಯಾನ್ಸರ್ ತಡೆ' ಎಂಬಂಥ ತಲೆಬರಹವೇ ತಪ್ಪು ದಾರಿಗೆ ಎಳೆಯುತ್ತದೆ. ಮಾತು ಇರುವುದು ಆಸ್ಪಿರಿನ್ ಬಗ್ಗೆ ಮಾತ್ರ, ಡೈಕ್ಲೋ, ಬ್ರೂಫೆನ್, ನಿಮೆಸುಲೈಡ್‌ನಂಥ ನೋವಿನ ಮಾತ್ರೆಗಳ ಬಗ್ಗೆ ಅಲ್ಲ.

ಈಗ ಮಾವನ ಲೆಕ್ಕಕ್ಕೆ ಬರೋಣ. ಅರ್ಧ ಕಡಿಮೆ ಎಂದರೆ ಯಾವುದರ ಅರ್ಧ? ಅಮೆರಿಕದ 1,33,371 ಮಂದಿಯಲ್ಲಿ 26ಕ್ಕೂ ಹೆಚ್ಚು ವರ್ಷಗಳಲ್ಲಿ ಲಿವರ್ ಕ್ಯಾನ್ಸರ್ ಬಂದದ್ದು ಒಟ್ಟು 108 ಮಂದಿಗೆ. ಅಂದರೆ ಲಕ್ಷ ಮಂದಿಯಲ್ಲಿ ವರ್ಷಕ್ಕೆ ಎರಡೂವರೆ. ಅದನ್ನು ಅರ್ಧ ಮಾಡಿದರೆ ಲಕ್ಷಕ್ಕೆ ಒಬ್ಬರೋ ಒಂದೂಕಾಲೋ ಉಳಿದರು. ಇನ್ನೊಂದು ತಟ್ಟೆಯಲ್ಲಿ ಏನಿದೆ? ಆಸ್ಟ್ರೇಲಿಯಾ ಮತ್ತು ಅಮೆರಿಕದ 19,114 ಹಿರಿಯರ ಮೇಲೆ ನಡೆದ ಆಸ್ಪ್ರೀ ಪ್ರಯೋಗದ ಫಲಿತಾಂಶ 2018ರಲ್ಲಿ ಬಂತು. ಇದು ದಾಖಲೆ ತಿರುವಿ ನೋಡಿದ್ದಲ್ಲ, ಚೀಟಿ ಎತ್ತಿದಂತೆ ಅರ್ಧ ಮಂದಿಗೆ ಆಸ್ಪಿರಿನ್, ಉಳಿದವರಿಗೆ ಹುಸಿ ಮಾತ್ರೆ ಕೊಟ್ಟು ನೋಡಿದ್ದು. ದೊಡ್ಡ ರಕ್ತಸ್ರಾವ ಹುಸಿ ಮಾತ್ರೆಯವರಲ್ಲಿ ಸಾವಿರಕ್ಕೆ ವರ್ಷಕ್ಕೆ 6.2, ಆಸ್ಪಿರಿನ್‌ನವರಲ್ಲಿ 8.6. ಸಾವಿರಕ್ಕೆ 2.4 ಹೆಚ್ಚು ಎಂದರೆ ಲಕ್ಷಕ್ಕೆ 240. ಆ ಹಿರಿಯರಲ್ಲಿ ಹೆಚ್ಚಿನವರು 70 ದಾಟಿದವರು, ಮಾವನಿಗೆ 64. ಅವರ ರಕ್ತಸ್ರಾವದ ಅಪಾಯ ಇದಕ್ಕಿಂತ ಕಡಿಮೆ ಎಂದೇ ಹಿಡಿಯೋಣ. ಫ್ಯಾಟಿ ಲಿವರ್ ಇರುವುದರಿಂದ ಕ್ಯಾನ್ಸರ್ ಅಪಾಯ ಆ ನರ್ಸ್‌ಗಳಿಗಿಂತ ಹತ್ತು ಪಟ್ಟು ಎಂದೂ ಉದಾರವಾಗಿ ಹಿಡಿಯೋಣ. ಲಕ್ಷಕ್ಕೆ 25, ಅರ್ಧ ಮಾಡಿದರೆ ಹನ್ನೆರಡೋ ಹದಿಮೂರೋ ಉಳಿತಾಯ. ರಕ್ತಸ್ರಾವದ 240ನ್ನು ಕಾಲು ಭಾಗಕ್ಕೆ ಇಳಿಸಿದರೂ 60. ಕೊಟ್ಟದ್ದು ಹೆಚ್ಚು, ಪಡೆದದ್ದು ಕಡಿಮೆ.

ಆಸ್ಪ್ರೀ ಪ್ರಯೋಗದಲ್ಲಿ ಇನ್ನೊಂದು ಅನಿರೀಕ್ಷಿತವೂ ಇತ್ತು: ಆಸ್ಪಿರಿನ್ ಗುಂಪಿನಲ್ಲಿ ಕ್ಯಾನ್ಸರಿನಿಂದ ಸತ್ತವರು ಸ್ವಲ್ಪ ಹೆಚ್ಚೇ ಇದ್ದರು. ಏಕೆಂದು ಇನ್ನೂ ಬಗೆಹರಿದಿಲ್ಲ, ಸಂಶೋಧಕರೇ ಅದನ್ನು ಎಚ್ಚರಿಕೆಯಿಂದ ಓದಿ ಎಂದರು. ನಾನೂ ಅದನ್ನು ಹಿಡಿದು ಹೆದರಿಸಲು ಹೋಗುವುದಿಲ್ಲ.

ಹೆಪಟೈಟಿಸ್ ಬಿ ಇರುವವರ ಲೆಕ್ಕ ಬೇರೆ. ಸ್ವೀಡನ್ನಿನ ನೂರಕ್ಕೆ ಎಂಟು ಎಂಬುದು ಸಣ್ಣ ಸಂಖ್ಯೆಯಲ್ಲ, ಅದು ನಾಲ್ಕಕ್ಕೆ ಇಳಿದರೆ ದೊಡ್ಡ ಲಾಭ. ಹೊಟ್ಟೆ-ಕರುಳಿನ ರಕ್ತಸ್ರಾವವೂ ಅಲ್ಲಿ ಹತ್ತು ವರ್ಷಕ್ಕೆ 6.9%ರಿಂದ 7.8%ಕ್ಕೆ ಏರಿತು ಅಷ್ಟೆ, ಗಣನೀಯ ಎನ್ನುವಷ್ಟಲ್ಲ. ಹಾಗಾದರೆ ಅವರಿಗಾದರೂ ಕೊಡಬಹುದಲ್ಲ?

ಇಲ್ಲೇ ನನ್ನ ತಕರಾರು. ಲಿವರ್ ನಿಜವಾಗಿ ಕೆಟ್ಟವನ ಮೈಯಲ್ಲಿ ಏನಾಗಿರುತ್ತದೆ ನೋಡಿ. ತೇಪೆ ತುಂಬಿದ ಲಿವರಿನ ಮೂಲಕ ರಕ್ತ ಸರಾಗ ಹರಿಯುವುದಿಲ್ಲ. ಅದು ಹಿಂದಕ್ಕೆ ಒತ್ತಿ ಅನ್ನನಾಳದ ಒಳಗಿನ ರಕ್ತನಾಳಗಳು ಉಬ್ಬುತ್ತವೆ. ಗುಲ್ಮ ಊದಿಕೊಂಡು ಪ್ಲೇಟ್‌ಲೆಟ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಒಂದೂವರೆ ಲಕ್ಷ ಇರಬೇಕಾದದ್ದು ಅರವತ್ತು-ಎಪ್ಪತ್ತು ಸಾವಿರಕ್ಕೆ ಇಳಿದಿರುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಲಿವರ್ ಸರಿಯಾಗಿ ತಯಾರಿಸುವುದಿಲ್ಲ. ಒಂದು ರಾತ್ರಿ ಆ ಉಬ್ಬಿದ ನಾಳ ಒಡೆದರೆ ಬೇಸಿನ್ ತುಂಬ ರಕ್ತ ವಾಂತಿ. ಇಂಥವರಿಗೆ ಯಾವ ಡಾಕ್ಟ್ರು ಆಸ್ಪಿರಿನ್ ಬರೆಯುತ್ತಾರೆ? ಸ್ವೀಡನ್ನಿನಲ್ಲೂ ಬರೆಯುವುದಿಲ್ಲ, ತೈವಾನಿನಲ್ಲೂ ಬರೆಯುವುದಿಲ್ಲ. ಬರೆಯುವುದು ಲಿವರ್ ಒಂದು ಹದದಲ್ಲಿರುವ, ಹೃದಯದ ಚಿಂತೆ ಇರುವ ರೋಗಿಗೆ. ಕ್ಯಾನ್ಸರ್ ಬರುವ ಅಪಾಯ ಅತಿ ಹೆಚ್ಚು ಇರುವವರು ಆಸ್ಪಿರಿನ್ ಗುಂಪಿಗೆ ಸೇರುವ ಮೊದಲೇ ಸೋಸಿ ಹೋಗಿರುತ್ತಾರೆ.

ಕಂಬಳದ ಗದ್ದೆಗೆ ಇಳಿಸಿದ ಕೋಣಗಳನ್ನಷ್ಟೇ ನೋಡಿ, ಓಡಿ ಓಡಿಯೇ ಇವು ಗಟ್ಟಿಮುಟ್ಟಾದವು ಎಂದರೆ ಹೇಗೆ? ಕಾಲುನೋವಿನ ಕೋಣವನ್ನು ಯಜಮಾನ ಹಟ್ಟಿಯಿಂದಲೇ ಬಿಟ್ಟಿರುವುದಿಲ್ಲ.

ಸಂಶೋಧಕರಿಗೆ ಇದು ಗೊತ್ತಿಲ್ಲವೆಂದಲ್ಲ. ವಯಸ್ಸು, ಸಕ್ಕರೆ ಕಾಯಿಲೆ, ಸಿರೋಸಿಸ್, ಬೇರೆ ಔಷಧಿ ಎಲ್ಲವನ್ನೂ ಸರಿದೂಗಿಸಿಯೇ ಲೆಕ್ಕ ಹಾಕಿದ್ದಾರೆ. ಹೆಚ್ಚು ವರ್ಷ ನುಂಗಿದವರಿಗೆ ಹೆಚ್ಚು ಲಾಭ ಕಂಡದ್ದೂ ಆಸ್ಪಿರಿನ್ ಪರವಾದ ಸಾಕ್ಷಿಯೇ. ಆದರೆ ಹತ್ತು ವರ್ಷ ಆಸ್ಪಿರಿನ್ ನುಂಗಲು ಮೊದಲು ಹತ್ತು ವರ್ಷ ಬದುಕಿರಬೇಕು, ಹೊಟ್ಟೆ ಒಡೆಯದೆ ಇರಬೇಕು. ವೈದ್ಯರು ರೋಗಿಯ ಮುಖ ನೋಡಿ, ಹೊಟ್ಟೆ ಮುಟ್ಟಿ ಅಂದಾಜಿಸಿದ್ದು ಯಾವ ದಾಖಲೆಯಲ್ಲೂ ಇರುವುದಿಲ್ಲ, ಅದನ್ನು ಸರಿದೂಗಿಸುವುದು ಹೇಗೆ? ಇದನ್ನು ತೀರ್ಮಾನಿಸಲು ಆಸ್ಪ್ರೀಯಂತೆ ಚೀಟಿ ಎತ್ತಿ ಮಾತ್ರೆ ಹಂಚಿದ ದೊಡ್ಡ ಪ್ರಯೋಗವೇ ಬೇಕು. ಫ್ಯಾಟಿ ಲಿವರ್ ವಿಷಯದಲ್ಲಿ ಒಂದು ಸಣ್ಣ ಹೆಜ್ಜೆ ಆಗಿದೆ: 2024ರಲ್ಲಿ ಅಮೆರಿಕದಲ್ಲಿ 80 ಮಂದಿಗೆ ಆರು ತಿಂಗಳು 81 ಮಿಲಿಗ್ರಾಂ ಆಸ್ಪಿರಿನ್ ಅಥವಾ ಹುಸಿ ಮಾತ್ರೆ ಕೊಟ್ಟು ನೋಡಿದಾಗ ಆಸ್ಪಿರಿನ್‌ನವರ ಲಿವರಿನ ಕೊಬ್ಬು ಇಳಿಯಿತು. ಸಿರೋಸಿಸ್ ಇದ್ದವರನ್ನು ಅಲ್ಲೂ ಸೇರಿಸಿರಲಿಲ್ಲ. ಎಂಬತ್ತು ಮಂದಿ, ಆರು ತಿಂಗಳು, ಅಳೆದದ್ದು ಕೊಬ್ಬು. ಅಲ್ಲಿಂದ ಕ್ಯಾನ್ಸರ್ ತನಕ ಹೋಗಲು ಬಲು ದೂರವಿದೆ.

ಒಂದು ಒಳ್ಳೆಯ ಅಧ್ಯಯನ ಕಂಡು ಕುಣಿದು, ಆಮೇಲೆ ಸುಮ್ಮನಾದ ಕಥೆ ನಮಗೆ ಹೊಸದಲ್ಲ. ನಮ್ಮ ಕಡೆ ಕಾಮಾಲೆ ಎಂದರೆ ಮೊದಲು ನೆನಪಾಗುವುದು ಅಂಗಳದ ನೆಲನೆಲ್ಲಿ. 1988ರಲ್ಲಿ ಲ್ಯಾನ್ಸೆಟ್‌ನಂಥ ಪತ್ರಿಕೆಯಲ್ಲೇ, ಮದ್ರಾಸಿನ ತ್ಯಾಗರಾಜನ್ ಮತ್ತು ಹೆಪಟೈಟಿಸ್ ಬಿ ಕಂಡುಹಿಡಿದು ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಸೇರಿ ಬರೆದ ವರದಿ ಬಂತು: ನೆಲನೆಲ್ಲಿ ಪುಡಿ ತೆಗೆದುಕೊಂಡ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು, ಹುಸಿ ಔಷಧಿಯ 23ರಲ್ಲಿ ಒಬ್ಬನಿಗೆ ಮಾತ್ರ. ಎಂಥ ಫಲಿತಾಂಶ! ಆಮೇಲೆ ಬೇರೆ ಬೇರೆ ಕಡೆ ಮಾಡಿ ನೋಡಿದರು, ಅದು ಮತ್ತೆ ಬರಲೇ ಇಲ್ಲ. ಮೊದಲನೆಯದನ್ನು ಓದಿದವರು ಇನ್ನೂ ಇದ್ದಾರೆ, ಆಮೇಲಿನದನ್ನು ಓದಿದವರನ್ನು ನಾನು ಹೆಚ್ಚು ಕಂಡಿಲ್ಲ.

ಉರಿಯೂತದ ಮಾತ್ರೆಗೇ ಇನ್ನೂ ಕಹಿಯಾದ ಚರಿತ್ರೆ ಇದೆ. ವಯಾಕ್ಸ್ ಎಂಬ ನೋವಿನ ಮಾತ್ರೆಯಿಂದ ದೊಡ್ಡ ಕರುಳಿನ ಗಂಟುಗಳು ಕ್ಯಾನ್ಸರ್ ಆಗುವ ಮೊದಲೇ ತಡೆಯಬಹುದೇ ಎಂದು ಪ್ರಯೋಗ ನಡೆಸುವಾಗಲೇ, ನುಂಗುವವರಲ್ಲಿ ಹೃದಯಾಘಾತ ಮತ್ತು ಪಾರ್ಶ್ವವಾಯು ಹೆಚ್ಚಿದ್ದು ಕಂಡಿತು. 2004ರ ಸೆಪ್ಟೆಂಬರ್ 30ರಂದು ಕಂಪನಿ ಅದನ್ನು ಜಗತ್ತಿನ ಮಾರುಕಟ್ಟೆಯಿಂದಲೇ ಹಿಂದೆಗೆಯಿತು.

ಎರಡು ದಿನ ಬಿಟ್ಟು ಫೋನ್ ಮಾಡಿದಾಗ ಮಾವ ಲೆಕ್ಕ ಪೂರ್ತಿ ಕೇಳಿದರು. "ಹಾಗಾದ್ರೆ ಬೇಡ ಅಂತ ಹೇಳು ಮಾರಾಯ, ಇಷ್ಟು ಸುತ್ತಿ ಬಳಸಿ ಎಂಥದಕ್ಕೆ" ಎಂದರು. ಮತ್ತೆ ಮಾತಿಗೆ ಮಾತು ಬಂದು ಹೊರಬಿದ್ದದ್ದು: ಮೊಣಕಾಲು ನೋವಿಗೆ ಒಂದು ವರ್ಷದಿಂದ ಡೈಕ್ಲೋಫೆನಾಕ್ ನಡೆಯುತ್ತಿದೆ. ಅದಕ್ಕೂ ಚೀಟಿ ಇಲ್ಲ. ಮಾತ್ರೆಯ ಹೆಸರೂ ಹೇಳಬೇಕಿಲ್ಲ, ಹಳೆಯ ಸ್ಟ್ರಿಪ್ಪಿನ ತುಂಡು ತೋರಿಸಿದರೆ ಕತ್ತರಿಯಲ್ಲಿ ಹತ್ತು ಕತ್ತರಿಸಿ ಕೊಡುತ್ತಾರಂತೆ.

ನನಗೆ ಗಾಬರಿಯಾದದ್ದು ಇದಕ್ಕೆ. ಕರಾವಳಿಯಲ್ಲಿ ನೋವಿನ ಮಾತ್ರೆ ಎಂದರೆ ಅವಲಕ್ಕಿಯಷ್ಟೇ ಮಾಮೂಲು. ಬೆನ್ನು ಬಗ್ಗಿಸಿ ದಿನವಿಡೀ ಬೀಡಿ ಕಟ್ಟುವ ಹೆಂಗಸರು, ಮಲ್ಪೆ, ಬಂದರಿನಲ್ಲಿ ಬಲೆ ಎಳೆಯುವವರು, ಅಡಿಕೆ ಮರ ಹತ್ತುವವರು, ಇವರ ಸೊಂಟದ ಚೀಲದಲ್ಲೋ ಅಂಗಿ ಜೇಬಿನಲ್ಲೋ ಒಂದು ತುಂಡು ಸ್ಟ್ರಿಪ್ ಇದ್ದೇ ಇರುತ್ತದೆ. ಡೈಕ್ಲೋಫೆನಾಕ್ ಮತ್ತು ನಿಮೆಸುಲೈಡ್ ಕೆಲವರಲ್ಲಿ ಲಿವರನ್ನೇ ಕೆಡಿಸುತ್ತವೆ. ಅದು ಅಪರೂಪ. ಅಪರೂಪವಲ್ಲದ್ದು ಸಿರೋಸಿಸ್ ಇರುವವರ ಮೂತ್ರಪಿಂಡದ ಕಥೆ. ಲಿವರ್ ಕೆಟ್ಟಾಗ ಮೂತ್ರಪಿಂಡಕ್ಕೆ ರಕ್ತ ತಲುಪುವುದು ಜಾನ್ ವೇನ್ ಹೇಳಿದ ಆ ಪ್ರೊಸ್ಟಗ್ಲಾಂಡಿನ್‌ನ ಆಸರೆಯಿಂದ. ನೋವಿನ ಮಾತ್ರೆ ಅದನ್ನೇ ನಿಲ್ಲಿಸುತ್ತದೆ. ಮೂತ್ರ ನಿಲ್ಲುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಲಿವರಿಗೆ ಆಗದು ಎಂದು ಜನ ಹೆದರುವ ಪ್ಯಾರಾಸಿಟಮಾಲ್, ದಿನಕ್ಕೆ 2 ಗ್ರಾಂ ಮೀರದಂತೆ ಡಾಕ್ಟರನ್ನು ಕೇಳಿ ತೆಗೆದುಕೊಂಡರೆ, ಇಂಥವರಿಗೆ ಇವೆಲ್ಲಕ್ಕಿಂತ ವಾಸಿ. ಮಳೆಗಾಲದ ಮಾತೂ ಒಂದಿದೆ. 2019ರಲ್ಲಿ ಮಂಗಳೂರಿನ ಗುಜ್ಜರಕೆರೆ ಸುತ್ತ ಡೆಂಗ್ಯೂ ಹಬ್ಬಿದ್ದು ಯಾರೂ ಮರೆತಿಲ್ಲ. ಜ್ವರ ಯಾವುದೆಂದು ಗೊತ್ತಿಲ್ಲದಾಗ ಆಸ್ಪಿರಿನ್ ಅಥವಾ ಬ್ರೂಫೆನ್ ನುಂಗುವುದು ಮೊದಲೇ ಇಳಿದಿರುವ ಪ್ಲೇಟ್‌ಲೆಟ್‌ನ ಕೈಕಾಲು ಕಟ್ಟಿ ಹಾಕಿದಂತೆ.

ಇಷ್ಟು ಹೇಳಿದ ಮೇಲೆ ಒಂದು ಮಾತು ಬಿಡುವಂತಿಲ್ಲ. ಸ್ಟೆಂಟ್ ಹಾಕಿಸಿಕೊಂಡವರು, ಹೃದಯಾಘಾತ ಆದವರು ಡಾಕ್ಟ್ರು ಬರೆದ ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದರೆ ಇದನ್ನು ಓದಿ ಬಿಡಬೇಡಿ. ಅವರಿಗೆ ಆ ಮಾತ್ರೆಯ ಲಾಭ ಪ್ರಯೋಗಗಳಲ್ಲಿ ಸಾಬೀತಾದದ್ದು. ಲಿವರಿಗೂ ಅದರಿಂದ ಒಳಿತಾದರೆ ಅದು ಮೇಲಿನ ಕೊಸರು.

ಹಾಗಾದರೆ ಲಿವರ್ ಕ್ಯಾನ್ಸರನ್ನು ನಿಜವಾಗಿ ತಡೆದದ್ದು ಯಾವುದು? ಲಸಿಕೆ. ತೈವಾನ್ 1984ರಲ್ಲಿ ಹುಟ್ಟುವ ಶಿಶುಗಳಿಗೆ ಹೆಪಟೈಟಿಸ್ ಬಿ ಲಸಿಕೆ ಶುರು ಮಾಡಿತು. 6ರಿಂದ 14 ವರ್ಷದ ಮಕ್ಕಳಲ್ಲಿ ಲಕ್ಷಕ್ಕೆ 0.70 ಇದ್ದ ಲಿವರ್ ಕ್ಯಾನ್ಸರ್ ಹತ್ತೇ ವರ್ಷದಲ್ಲಿ 0.36ಕ್ಕೆ ಇಳಿಯಿತು. ಇದೂ ಅರ್ಧವೇ, ಆದರೆ ಹೊಟ್ಟೆಯಲ್ಲಿ ರಕ್ತ ಸೋರದೆ ಸಿಕ್ಕ ಅರ್ಧ. ತಾಯಿಯಿಂದ ಹೆರಿಗೆಯಲ್ಲಿ ವೈರಸ್ ತಗಲಿದ ಹತ್ತು ಶಿಶುಗಳಲ್ಲಿ ಒಂಬತ್ತಕ್ಕೆ ಅದು ಜೀವಮಾನವಿಡೀ ಉಳಿಯುತ್ತದೆ. ದೊಡ್ಡವರಾದ ಮೇಲೆ ತಗಲಿದರೆ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಮಂದಿ ತಾವಾಗಿಯೇ ಗೆಲ್ಲುತ್ತಾರೆ. ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್ ಎಂದು ಹೆರಿಗೆ ವಾರ್ಡಿನಲ್ಲಿ ಹಠ ಹಿಡಿಯುವುದು ಇದಕ್ಕೆ. ನಮ್ಮ ದೇಶದಲ್ಲಿ ಕೆಲವು ಕಡೆ 2002ರಲ್ಲಿ ಶುರುವಾಗಿ, ಎಲ್ಲ ರಾಜ್ಯಗಳಿಗೂ ಬಂದದ್ದು 2011ರ ಹೊತ್ತಿಗೆ. ಎಂದರೆ ಈಗ ನಲವತ್ತು ದಾಟಿದ ಹೆಚ್ಚಿನವರಿಗೆ ಶಿಶುವಾಗಿದ್ದಾಗ ಅದು ಸಿಕ್ಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿ ಪ್ರಕಾರ ಭಾರತದಲ್ಲಿ 2.98 ಕೋಟಿ ಮಂದಿಗೆ ಹೆಪಟೈಟಿಸ್ ಬಿ, 55 ಲಕ್ಷ ಮಂದಿಗೆ ಸಿ. ಹೆಚ್ಚಿನವರಿಗೆ ತಮಗದು ಇದೆಯೆಂದೇ ಗೊತ್ತಿಲ್ಲ. ಗೊತ್ತಾದರೆ ದಾರಿಯಿದೆ: ಸಿ ಆದರೆ ಸಾಮಾನ್ಯವಾಗಿ ಹನ್ನೆರಡು ವಾರದ ಮಾತ್ರೆಯಲ್ಲಿ ನೂರಕ್ಕೆ ತೊಂಬತ್ತೈದು ಮಂದಿಗೆ ಗುಣ, ಬಿ ಆದರೆ ದಿನಕ್ಕೊಂದು ಮಾತ್ರೆಯಿಂದ ಹತೋಟಿ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಮಾತ್ರೆಯೂ ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ.

ಹೆಂಡದ ಮಾತು ಎಲ್ಲರಿಗೂ ಗೊತ್ತು, ಮುಂದೆ ಹೋಗುತ್ತೇನೆ. ಕಾಫಿಯ ಮಾತು ಕೇಳಿದರೆ ಖುಷಿಯಾಗುತ್ತದೆ: ಕಾಫಿ ಕುಡಿಯುವವರಲ್ಲಿ ಲಿವರ್ ಕ್ಯಾನ್ಸರ್ ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಗುರುತಿಸಿದೆ. ಅದೂ ಆಸ್ಪಿರಿನ್‌ನಂತೆ ದಾಖಲೆ ನೋಡಿ ಹೇಳಿದ್ದೇ, ಆದರೆ ಕಾಫಿಯಿಂದ ಅನ್ನನಾಳ ಒಡೆಯುವುದಿಲ್ಲ. ನಮ್ಮ ಮನೆಗಳಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ್ದು ಬೂಸ್ಟು. ಮಳೆಗಾಲದಲ್ಲಿ ಅಟ್ಟದ ಕೊಬ್ಬರಿಯ ಮೇಲೆ, ಡಬ್ಬಿಯ ನೆಲಗಡಲೆಯ ಮೇಲೆ ಬರುವ ಹಸಿರು-ಹಳದಿ ಬೂಸ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಸ್ಟು ಹಿಡಿದ ನೆಲಗಡಲೆ ಹಿಂಡಿ ತಿಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಾಗ ಅದು ಪತ್ತೆಯಾದದ್ದು. ಹೆಪಟೈಟಿಸ್ ಬಿ ಇರುವವರ ಲಿವರಿಗೆ ಅದು ಸೇರಿದರೆ ಕ್ಯಾನ್ಸರ್ ಅಪಾಯ ಹಲವು ಪಟ್ಟಾಗುತ್ತದೆ. ಒರೆಸಿದರೆ ಹೋಗುವುದಿಲ್ಲ, ಹುರಿದರೆ ಪೂರ್ತಿ ಸಾಯುವುದಿಲ್ಲ. ಗಾಣಕ್ಕೆ ಹಾಕಿದರೆ ಬಹುಪಾಲು ಹಿಂಡಿಗೆ, ಸ್ವಲ್ಪ ಎಣ್ಣೆಗೆ. ಹಿಂಡಿ ದನಕ್ಕೆ, ಅಲ್ಲಿಂದ ಹಾಲಿಗೆ.

ಮಾವ ಮುಂದಿನ ವಾರ ಹೆಪಟೈಟಿಸ್ ಬಿ, ಸಿ ಎರಡೂ ಪರೀಕ್ಷೆ ಮಾಡಿಸಿದರು, ಎರಡೂ ಇಲ್ಲ. ಮೊಣಕಾಲಿಗೆ ಮೂಳೆ ಡಾಕ್ಟರನ್ನು ಕಂಡರು. ಚೌತಿಗೆ ಹೋದಾಗ ನೋಡಿದೆ, ಫ್ರಿಜ್ಜಿನ ಮೇಲಿನ ಬಿಸ್ಕೆಟ್ ಡಬ್ಬಿಯಲ್ಲಿ ಹದಿನಾಲ್ಕರ ಇಕೋಸ್ಪ್ರಿನ್ ಸ್ಟ್ರಿಪ್ಪು ಹಾಗೇ ಇತ್ತು. ಎಣಿಸಿದೆ, ಹನ್ನೊಂದು. "ನೀನು ಎರಡು ದಿನ ಬಿಡಿ ಅಂದಿದ್ದಿಯಲ್ಲ, ಆಗ" ಎಂದರು. ಎರಡು ದಿನಕ್ಕೆ ಮೂರು ಹೇಗಾಯಿತೆಂದು ನಾನು ಕೇಳಲಿಲ್ಲ. ಅತ್ತೆ ಅಡುಗೆಮನೆಯಲ್ಲಿ ಕೊಬ್ಬರಿ ಹೋಳಿನ ಬೂಸ್ಟನ್ನು ಸೆರಗಿನಿಂದ ಒರೆಸುತ್ತಿದ್ದರು.